ಒಡ್ಡಿನ ಮೇಲಿನ ಹುಲ್ಲು ಮಣ್ಣಿಗೆ ಏನು ಮಾಡುತ್ತದೆ?

ಎರಡು ಗಾಜಿನ ಲೋಟ ತಗೊಳ್ಳಿ, ನೀರು ತುಂಬಿ. ಹೊಲದ ನಡುವಿನಿಂದ ಅಡಿಕೆ ಗಾತ್ರದ ಒಂದು ಹೆಂಟೆ ತನ್ನಿ. ಅದೇ ಹೊಲದ ಒಡ್ಡಿನ ಮೇಲೆ, ಕರಡ ಹುಲ್ಲಿನ ಬುಡದಿಂದ, ಅಷ್ಟೇ ಗಾತ್ರದ ಇನ್ನೊಂದು ತನ್ನಿ. ಎರಡನ್ನೂ ನೆರಳಲ್ಲಿ ಎರಡು ದಿನ ಒಣಗಿಸಿ, ಒಂದೊಂದು ಲೋಟಕ್ಕೆ ಮೆಲ್ಲಗೆ ಬಿಡಿ. ಹೋದ ಬೇಸಿಗೆಯಲ್ಲಿ ನಮ್ಮ ಹೊಲದ ಮಣ್ಣನ್ನು ನಾನು ಹೀಗೆ ಬಿಟ್ಟು ನೋಡಿದೆ. ಹೊಲದ ಹೆಂಟೆ ಗುಳ್ಳೆ ಬಿಡುತ್ತಾ ಬಿಡುತ್ತಾ ಐದೇ ನಿಮಿಷದಲ್ಲಿ ಕುಸಿದು ತಳದಲ್ಲಿ ರಾಡಿಯಾಗಿ ಕೂತಿತು. ಒಡ್ಡಿನದು ಸಂಜೆವರೆಗೂ ಹೆಂಟೆಯಾಗಿಯೇ ಇತ್ತು. ನೀರೂ ಹೆಚ್ಚು ಕದಡಿರಲಿಲ್ಲ.

ಎರಡೂ ಜಾಗದ ನಡುವೆ ಇರುವುದು ಹತ್ತು ಹೆಜ್ಜೆ. ಅದೇ ಕರಿ ಮಣ್ಣು, ಅದೇ ಮಳೆ, ಅದೇ ಬಿಸಿಲು. ಹೊಲಕ್ಕೆ ವರ್ಷ ವರ್ಷ ಗೊಬ್ಬರ ಹಾಕಿದ್ದೇವೆ, ಒಡ್ಡಿಗೆ ಯಾರೂ ಏನೂ ಹಾಕಿಲ್ಲ. ಒಡ್ಡಿನಲ್ಲಿ ಬೇರೆ ಇರುವುದು ಇಷ್ಟೇ: ಅಲ್ಲಿ ಉಳುವ ರಂಟೆ ಹೋಗಿಲ್ಲ, ಮತ್ತು ಅಲ್ಲಿನ ಹುಲ್ಲಿನ ಬೇರು ಎಷ್ಟೋ ವರ್ಷದಿಂದ ಜೀವಂತ ಇದೆ. ಅಷ್ಟಕ್ಕೇ ಮಣ್ಣು ಇಷ್ಟು ಬದಲಾಗುತ್ತದಾ ಅಂತ ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಬದಲಾಗುತ್ತದೆ. ಹೇಗೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮದು ವಿಜಯಪುರ ಜಿಲ್ಲೆ, ಡೋಣಿ ಹೊಳೆಯ ಸಾಲಿನ ಎರೆ ಹೊಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನುವ ಮಾತು ಕೇಳಿಯೇ ಬೆಳೆದವರು ನಾವು. ಹಾಗಾಗಿ ಮಣ್ಣು ಕಪ್ಪಗಿದೆ ಅಂದರೆ ಅದರಲ್ಲಿ ಸತ್ವ ತುಂಬಿದೆ ಅಂತಲೇ ಎಲ್ಲರ ಲೆಕ್ಕ. ಆದರೆ ಮಣ್ಣು ಪರೀಕ್ಷೆಯ ಕಾರ್ಡ್ ತೆಗೆದು ನೋಡಿ. ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತದೆ. ಅದು ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಲೆಕ್ಕ. ನಮ್ಮ ಕಡೆಯ ಎಷ್ಟೋ ಹೊಲಗಳ ಕಾರ್ಡಿನಲ್ಲಿ ಆ ಸಾಲಿನ ಮುಂದೆ ಇರುವುದು 'ಕಡಿಮೆ' ಅಂತಲೇ. ಇಷ್ಟು ಕಪ್ಪು ಮಣ್ಣಿನಲ್ಲಿ ಇಂಗಾಲ ಯಾಕೆ ಕಡಿಮೆ?

ಯಾಕೆಂದರೆ ನಮ್ಮ ಮಣ್ಣಿನ ಕಪ್ಪು ಹೆಚ್ಚಾಗಿ ಕಲ್ಲಿನಿಂದ ಬಂದದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಪದರ ಪದರವಾಗಿ ಲಾವಾ ಹರಿಯಿತು. ಆ ಕರಿಕಲ್ಲು ಸವೆದು ಸವೆದು ಆದದ್ದೇ ಈ ಎರೆ ಮಣ್ಣು. ಅದರ ಖನಿಜಗಳು, ಜೊತೆಗೆ ಜೇಡಿಯಲ್ಲಿ ಗಟ್ಟಿಯಾಗಿ ಬೆರೆತ ಸ್ವಲ್ಪವೇ ಸ್ವಲ್ಪ ಸಾವಯವ ಅಂಶ, ಇವೆರಡೂ ಸೇರಿ ಆ ಬಣ್ಣ. ಉಕ್ರೇನ್ ಮತ್ತು ದಕ್ಷಿಣ ರಷ್ಯಾದಲ್ಲೂ ಹೆಸರಾದ ಕರಿ ಮಣ್ಣು ಇದೆ, ಚೆರ್ನೊಝೆಮ್ ಅಂತಾರೆ. ಅದರ ಕಪ್ಪು ಬೇರೆ ಥರದ್ದು. ಅದು ಹುಲ್ಲಿನಿಂದ ಬಂದ ಕಪ್ಪು. ಸಾವಿರಾರು ವರ್ಷ ಅಲ್ಲಿ ಮೈಲುಗಟ್ಟಲೆ ಹುಲ್ಲುಗಾವಲು ಇತ್ತು, ಹುಲ್ಲಿನ ಬೇರು ಸತ್ತು ಸತ್ತು ಮಣ್ಣಿನ ಒಳಗೇ ಸೇರಿ ಒಂದು ಮೀಟರ್ ಆಳದವರೆಗೂ ನೆಲವನ್ನು ಕಪ್ಪು ಮಾಡಿದೆ. 1883ರಲ್ಲಿ ವಾಸಿಲಿ ದೊಕುಚಾಯೆವ್ ಅನ್ನುವ ರಷ್ಯಾದ ವಿಜ್ಞಾನಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಮಣ್ಣು ಅಂದರೆ ಬರೀ ಪುಡಿಯಾದ ಕಲ್ಲಲ್ಲ, ಹವೆ, ಗಿಡಗಂಟಿ, ಜೀವಿಗಳು, ಕಾಲ ಎಲ್ಲ ಸೇರಿ ಅದನ್ನು ಮಾಡುತ್ತವೆ ಅನ್ನುವ ತಿಳಿವಳಿಕೆ ಬೇರೂರಿದ್ದು ಆಗಲೇ. ಅಮೆರಿಕದ ನಡುಭಾಗದ ಪ್ರೇರಿ ಬಯಲುಗಳ ಮಣ್ಣಿನ ಕಥೆಯೂ ಇದೇ. ಜಗತ್ತಿಗೆ ಗೋದಿ ಉಣಿಸುವ ಈ ಎರಡೂ ನೆಲಗಳನ್ನು ಕಟ್ಟಿದ್ದು ವರ್ಷ ವರ್ಷ ಬದುಕುವ ಹುಲ್ಲು.

ಹುಲ್ಲು ಅಂದರೆ ಎಲ್ಲಾ ಒಂದೇ ಅಲ್ಲ ಅನ್ನುವುದನ್ನು ಮೊದಲು ಹೇಳಿಬಿಡಬೇಕು. ಜೋಳವೂ ಹುಲ್ಲಿನ ಜಾತಿಯದೇ, ಗೋದಿ, ಸಜ್ಜೆ, ನವಣೆಯೂ ಅಷ್ಟೇ. ಇವೆಲ್ಲ ಒಂದೇ ಹಂಗಾಮಿನ ಬೆಳೆ. ಹುಟ್ಟಿ, ತೆನೆ ಬಿಟ್ಟು, ಸತ್ತು ಹೋಗುತ್ತವೆ. ತನ್ನ ದುಡಿಮೆಯನ್ನೆಲ್ಲ ಕಾಳಿಗೆ ಹಾಕಿ ಹೋಗುವುದು ಅವುಗಳ ಬದುಕಿನ ರೀತಿ. ಬೇರಿಗೆ ಜಾಸ್ತಿ ಖರ್ಚು ಮಾಡಿ ಅವಕ್ಕೆ ಲಾಭ ಇಲ್ಲ. ಒಡ್ಡಿನ ಕರಡ, ಕರಕಿ, ಮಣ್ಣು ತೆಳ್ಳಗಿರುವ ಮಡ್ಡಿಯ ಮೇಲಿನ ಅಂಜನ ಹುಲ್ಲು ಹಾಗಲ್ಲ. ಬೇಸಿಗೆಯಲ್ಲಿ ಮೇಲೆ ಒಣಗಿ ಸತ್ತಂತೆ ಕಂಡರೂ ಬುಡ ಸತ್ತಿರುವುದಿಲ್ಲ. ಮುಂದಿನ ವರ್ಷಕ್ಕೆ, ಬರ ಬಂದರೆ ಅದರ ಮುಂದಿನ ವರ್ಷಕ್ಕೂ ಅದು ಕೂಡಿಡಬೇಕು. ಹಾಗಾಗಿ ಬಿಸಿಲಿನಿಂದ ಮಾಡಿಕೊಂಡ ಸಕ್ಕರೆಯ ದೊಡ್ಡ ಪಾಲನ್ನು ನೆಲದ ಕೆಳಗೆ ಕಳಿಸುತ್ತದೆ. ಇಂಥ ಹುಲ್ಲುಗಾವಲಿನಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದ್ದೇ ಜಾಸ್ತಿ. ಗಿಡದ ಒಟ್ಟು ತೂಕದಲ್ಲಿ ಅರ್ಧಕ್ಕೂ ಮೀರಿ ನೆಲದ ಒಳಗೇ ಇರುತ್ತದೆ.

ಅಮೆರಿಕದ ನೆಬ್ರಾಸ್ಕದಲ್ಲಿ ಜಾನ್ ವೀವರ್ ಅನ್ನುವ ಸಸ್ಯವಿಜ್ಞಾನಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಇದನ್ನು ನೋಡಲೆಂದೇ ಆಳುದ್ದ ತಗ್ಗು ತೋಡಿ, ಸಣ್ಣ ಸಲಕರಣೆಯಿಂದ ಮಣ್ಣು ಬಿಡಿಸಿ ಬಿಡಿಸಿ, ಒಂದೊಂದು ಹುಲ್ಲಿನ ಬೇರನ್ನೂ ತುದಿಯವರೆಗೆ ಹಿಂಬಾಲಿಸಿ ಚಿತ್ರ ಬರೆದುಕೊಂಡರು. ಎರಡು ಮೀಟರ್ ದಾಟಿ ಇಳಿದ ಬೇರುಗಳು ಅವರಿಗೆ ಸಾಮಾನ್ಯವಾಗಿ ಸಿಕ್ಕವು. ನಮ್ಮ ಎರೆಯಲ್ಲಿ ಇದು ಅಷ್ಟು ಸುಲಭ ಅಲ್ಲ. ಬೇಸಿಗೆಯಲ್ಲಿ ನೆಲ ಬಿರಿದಾಗ ಬೇರು ಹರಿಯುತ್ತದೆ, ಮಡ್ಡಿಯಲ್ಲಿ ಒಂದಡಿ ಹೋದರೆ ಗರಸು ಹತ್ತುತ್ತದೆ. ಆದರೂ ಕಲ್ಲಿನ ಸಂದಿನಲ್ಲಿ ಹುಲ್ಲಿನ ಬೇರು ನುಸುಳಿರುವುದನ್ನು ಬಾವಿ ತೋಡುವಾಗ ನೀವೂ ನೋಡಿರುತ್ತೀರಿ.

ಈಗ ಮುಖ್ಯ ವಿಷಯ. ಬೇರು ಉದ್ದ ಇದೆ ಅನ್ನುವುದಕ್ಕಿಂತ ಬೇರು ಸಾಯುತ್ತಾ ಹುಟ್ಟುತ್ತಾ ಇರುತ್ತದೆ ಅನ್ನುವುದು ಮಣ್ಣಿಗೆ ದೊಡ್ಡ ಲಾಭ. ಬುಡ ಹಾಗೇ ಇರುತ್ತದೆ, ಆದರೆ ಕೂದಲಿನಂಥ ಸಣ್ಣ ಬೇರುಗಳು ಬಹಳ ದಿನ ಬಾಳುವುದಿಲ್ಲ. ಹುಲ್ಲುಗಾವಲುಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಮೂರನೇ ಒಂದರಿಂದ ಅರ್ಧದಷ್ಟು ಬೇರು ಸತ್ತು ಹೊಸದು ಬರುತ್ತದೆ. ಸತ್ತದ್ದು ಎಲ್ಲಿ ಹೋಗಬೇಕು? ಅಲ್ಲೇ ಇರುತ್ತದೆ. ಮೇಲೆ ಉದುರಿದ ಎಲೆಯಾದರೆ ಬಿಸಿಲಿಗೆ ಸುಟ್ಟು, ಗಾಳಿಗೆ ಹಾರಿ, ಗೆದ್ದಲು ತಿಂದು ಬಹುಪಾಲು ಮಣ್ಣು ಸೇರುವ ಮೊದಲೇ ಖಾಲಿಯಾಗುತ್ತದೆ. ಬೇರು ಸಾಯುವುದು ಮಣ್ಣಿನ ಒಡಲಲ್ಲೇ, ನಾಲ್ಕೂ ಕಡೆ ಜೇಡಿ ಸುತ್ತಿಕೊಂಡು. ನಾವು ತಿಪ್ಪೆ ಗೊಬ್ಬರ ಹೇರಿ, ಚೆಲ್ಲಿ, ಹರಗಿ, ನಾಲ್ಕು ಬೆರಳು ಆಳಕ್ಕೆ ಸೇರಿಸಲು ಎಷ್ಟು ಕಷ್ಟಪಡುತ್ತೇವೆ ಅಲ್ವಾ? ಹುಲ್ಲು ಅದೇ ಕೆಲಸವನ್ನು ಎರಡು ಮೂರು ಅಡಿ ಆಳದಲ್ಲಿ, ಒಂದು ಸದ್ದೂ ಇಲ್ಲದೆ, ವರ್ಷ ವರ್ಷ ಮಾಡುತ್ತದೆ. ಬೇರು ಕೊಳೆತ ಮೇಲೆ ಉಳಿಯುವ ಸಣ್ಣ ಕೊಳವೆಯಂಥ ದಾರಿಯಲ್ಲಿ ಮುಂದಿನ ಮಳೆಯ ನೀರು ಇಳಿಯುತ್ತದೆ, ಮುಂದಿನ ಬೇರೂ ಅದೇ ದಾರಿ ಹಿಡಿಯುತ್ತದೆ.

ಬೇರು ಬದುಕಿರುವಾಗಲೂ ಸುಮ್ನೆ ಕೂರುವುದಿಲ್ಲ. ಅದರ ತುದಿಯಿಂದ ಸಕ್ಕರೆ, ಆಮ್ಲ, ಅಂಟು ಹೀಗೆ ನಾನಾ ಪದಾರ್ಥ ಹೊರಗೆ ಜಿನುಗುತ್ತವೆ. ಕಷ್ಟಪಟ್ಟು ಮಾಡಿದ ಸಕ್ಕರೆಯನ್ನು ಗಿಡ ಯಾಕೆ ಹೊರಗೆ ಬಿಡಬೇಕು? ಅದನ್ನು ತಿನ್ನಲು ಬ್ಯಾಕ್ಟೀರಿಯಾ ಬರುತ್ತವೆ. ಆ ಬ್ಯಾಕ್ಟೀರಿಯಾ ಬೆಳೆಯಲು ಮಣ್ಣಿನಲ್ಲಿದ್ದ ಸಾರಜನಕವನ್ನು ಬಿಡಿಸಿಕೊಳ್ಳುತ್ತವೆ. ಅವನ್ನು ತಿನ್ನಲು ಕಣ್ಣಿಗೆ ಕಾಣದ ಹುಳಗಳು, ಏಕಕೋಶ ಜೀವಿಗಳು ಬರುತ್ತವೆ. ಅವುಗಳ ಹೊಟ್ಟೆಗೆ ಬೇಕಾದದ್ದಕ್ಕಿಂತ ಜಾಸ್ತಿ ಸಾರಜನಕ ಬ್ಯಾಕ್ಟೀರಿಯಾದ ಮೈಯಲ್ಲಿ ಇರುವುದರಿಂದ ಉಳಿದದ್ದನ್ನು ಹೊರಗೆ ಹಾಕುತ್ತವೆ, ಅದೂ ಬೇರಿನ ಪಕ್ಕದಲ್ಲೇ. ಬೇರು ಅದನ್ನು ಹೀರಿಕೊಳ್ಳುತ್ತದೆ. ಕುರಿ ಹಿಂಡನ್ನು ಹೊಲದಲ್ಲಿ ತರುಬಿಸಿ ಗೊಬ್ಬರ ಮಾಡಿಸಿಕೊಳ್ಳುತ್ತೇವಲ್ಲ, ಕುರಿಯವರಿಗೆ ಕಾಳು ಕೊಟ್ಟು? ಹುಲ್ಲು ನೆಲದ ಒಳಗೆ ಮಾಡುವುದೂ ಅದನ್ನೇ. ಕಾಳಿನ ಬದಲು ಸಕ್ಕರೆ ಕೊಡುತ್ತದೆ.

ಇನ್ನೊಂದು ಪಾಲುದಾರ ಇದೆ, ಅಣಬೆ ಜಾತಿಯ ಶಿಲೀಂಧ್ರ. ಮೈಕೊರೈಜಾ ಅಂತ ಹೆಸರು. ನೆಲದ ಮೇಲಿನ ಗಿಡಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಇದರ ಜೊತೆ ಒಪ್ಪಂದದಲ್ಲಿವೆ. ಇದರ ಎಳೆ ಬೇರಿನ ರೋಮಕ್ಕಿಂತ ತೆಳ್ಳಗೆ. ಬೇರು ನುಗ್ಗಲಾಗದ ಸಂದಿಯಲ್ಲಿ ಇದು ನುಗ್ಗಿ ರಂಜಕ, ಸತು ತಂದು ಗಿಡಕ್ಕೆ ಕೊಟ್ಟು ಸಕ್ಕರೆ ಪಡೆಯುತ್ತದೆ. ನಮ್ಮ ಎರೆ ನೆಲಕ್ಕೆ ಇದು ಬಹಳ ಬೇಕಾದ ಸಹಾಯ. ಯಾಕೆಂದರೆ ಈ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಹಾಕಿದ ಡಿಎಪಿ ಗೊಬ್ಬರದ ರಂಜಕ ಸುಣ್ಣಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. ಮಣ್ಣಿನಲ್ಲಿ ಇದ್ದರೂ ಬೆಳೆಗೆ ಸಿಗುವುದಿಲ್ಲ. ಸತುವಿನ ಕಥೆಯೂ ಅಷ್ಟೇ. ಲೋಟದಲ್ಲಿ ಒಡ್ಡಿನ ಹೆಂಟೆ ಕರಗದೆ ನಿಂತದ್ದಕ್ಕೂ ಈ ಎಳೆಗಳೇ ಒಂದು ಕಾರಣ. ಬಲೆಯಂತೆ ಕಣಗಳನ್ನು ಹೆಣೆದು ಹಿಡಿಯುತ್ತವೆ. ಬೇರಿನ ಅಂಟು, ಬ್ಯಾಕ್ಟೀರಿಯಾದ ಅಂಟು ಅದರ ಮೇಲೆ ಸೇರುತ್ತದೆ. ರಂಟೆ ಹೊಡೆದಾಗ ಮೊದಲು ಹರಿಯುವುದು ಈ ಬಲೆ. ಗಿಡವೇ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೂ ಅದು ಸೊರಗುತ್ತದೆ, ಯಾಕೆಂದರೆ ಜೀವಂತ ಬೇರಿಲ್ಲದೆ ಅದಕ್ಕೆ ಊಟ ಇಲ್ಲ.

ಇಷ್ಟೆಲ್ಲ ಆದ ಮೇಲೂ ಮಣ್ಣಿಗೆ ಬಂದ ಇಂಗಾಲದಲ್ಲಿ ಹೆಚ್ಚಿನ ಪಾಲು ಉಳಿಯುವುದಿಲ್ಲ. ಸೂಕ್ಷ್ಮಜೀವಿಗಳು ತಿಂದು ಉಸಿರಿನ ಗಾಳಿಯಾಗಿ ಹೊರಗೆ ಬಿಡುತ್ತವೆ. ನಮ್ಮ ಬಿಸಿಲಿಗೆ ಅದು ಇನ್ನೂ ಬೇಗ. ಉಳಿಯುವ ಸ್ವಲ್ಪ ಹೇಗೆ ಉಳಿಯುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳ ತಿಳಿವಳಿಕೆ ಈಚೆಗೆ ಬದಲಾಗಿದೆ. ಮೊದಲು, ಕೊಳೆಯಲು ಕಷ್ಟವಾದ ಗಟ್ಟಿ ನಾರೇ ಕೊನೆಗೆ ಹ್ಯೂಮಸ್ ಆಗಿ ಉಳಿಯುತ್ತದೆ ಅಂತ ಅಂದುಕೊಂಡಿದ್ದರು. ಈಗ ಗೊತ್ತಾಗಿರುವುದು, ಬಹಳ ಕಾಲ ಉಳಿಯುವ ಇಂಗಾಲದಲ್ಲಿ ದೊಡ್ಡ ಪಾಲು ಸತ್ತ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಮೈಯ ಚೂರುಗಳು, ಬೇರಿನಿಂದ ಜಿನುಗಿದ ಪದಾರ್ಥ, ಇವೆಲ್ಲ ಜೇಡಿಯ ಕಣದ ಮೇಲ್ಮೈಗೆ ಅಂಟಿಕೊಂಡದ್ದು. ಅಂಟಿದ ಮೇಲೆ ಬೇರೆ ಜೀವಿಗೆ ಅದನ್ನು ಬಿಡಿಸಿ ತಿನ್ನುವುದು ಕಷ್ಟ. ಹತ್ತಾರು ವರ್ಷ, ಕೆಲವೊಮ್ಮೆ ನೂರಾರು ವರ್ಷ ಕೂರುತ್ತದೆ. ಇಲ್ಲಿ ನಮಗೆ ಒಂದು ಒಳ್ಳೆಯ ಸುದ್ದಿ ಇದೆ. ಎರೆ ಮಣ್ಣಿನಲ್ಲಿ ಜೇಡಿ ಬೇಕಾದಷ್ಟಿದೆ. ಅಂಟಿಸಿಕೊಳ್ಳಲು ಜಾಗ ಇದೆ, ಅಂಟಲು ಬರುವ ಸರಕೇ ಕಡಿಮೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು ಎಂಟೂವರೆ ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ ನೂರಕ್ಕೆ 0.4ರಿಂದ 0.5ಕ್ಕೆ ಏರಿತು ಅಂದುಕೊಳ್ಳಿ. ಕಾರ್ಡಿನಲ್ಲಿ ಅದು ಒಂದು ಅಂಕಿಯ ವ್ಯತ್ಯಾಸ. ನೆಲದಲ್ಲಿ ಅದು 850 ಕಿಲೋ ಇಂಗಾಲ. ಮಣ್ಣಿನ ಸಾವಯವ ಅಂಶದಲ್ಲಿ ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇರುತ್ತದೆ. ಅಂದರೆ ಆ 850 ಕಿಲೋ ಇಂಗಾಲ ತನ್ನ ಜೊತೆ 70ರಿಂದ 85 ಕಿಲೋ ಸಾರಜನಕವನ್ನು ಹಿಡಿದುಕೊಂಡಿದೆ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ ಇರುವುದು ಹತ್ತಿರ ಹತ್ತಿರ 21 ಕಿಲೋ ಸಾರಜನಕ. ಹಾಗಾದರೆ ಸುಮಾರು ನಾಲ್ಕು ಚೀಲ. ಇದೆಲ್ಲ ಒಂದೇ ವರ್ಷ ಬೆಳೆಗೆ ಸಿಗುವುದಿಲ್ಲ, ವರ್ಷಕ್ಕೆ ನೂರಕ್ಕೆ ಎರಡು ಮೂರು ಪಾಲು ಬಿಡುಗಡೆ ಆಗಬಹುದು. ಹಾಗೆ ಮೆಲ್ಲಗೆ ಸಿಗುವುದರಿಂದಲೇ ಮಳೆಗೆ ತೊಳೆದು ಹೋಗದೆ, ಗಾಳಿಗೆ ಹಾರದೆ ಉಳಿಯುವುದು.

ಆ ಸಾರಜನಕ ಮೊದಲು ಬಂದದ್ದು ಎಲ್ಲಿಂದ? ಹುಲ್ಲು ಒಂದೇ ಅದನ್ನು ಮಾಡಲಾರದು, ಇದನ್ನು ನೇರವಾಗಿ ಹೇಳಬೇಕು. ಹುಲ್ಲಿನ ಬೇರಿನ ಸುತ್ತ ಬದುಕುವ ಅಜೋಸ್ಪೈರಿಲಮ್ ಥರದ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಸ್ವಲ್ಪ ಹಿಡಿಯುತ್ತವೆ. ಬ್ರೆಜಿಲ್‌ನಲ್ಲಿ ಯೋಹಾನ್ನಾ ಡೋಬರೈನರ್ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಇದರ ಮೇಲೆ ದೊಡ್ಡ ಕೆಲಸ ಮಾಡಿದರು. ಮಳೆಯಲ್ಲಿ, ಧೂಳಿನಲ್ಲಿ ಸ್ವಲ್ಪ ಬರುತ್ತದೆ. ಆದರೆ ನಿಜವಾದ ದುಡಿಮೆ ದ್ವಿದಳದ್ದು. ಹುಲ್ಲುಗಾವಲು ಅಂದರೆ ಬರೀ ಹುಲ್ಲಲ್ಲ, ಅದರ ನಡುವೆ ನೆಲಕ್ಕೆ ಹಬ್ಬುವ ಕಾಯಿ ಜಾತಿಯ ಸಣ್ಣ ಬಳ್ಳಿಗಳು, ಗಿಡಗಳು ಇದ್ದೇ ಇರುತ್ತವೆ. ಅವುಗಳ ಬೇರಿನ ಗಂಟು ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಬೂದು ಅಥವಾ ಹಸಿರು ಇದ್ದರೆ ಕೆಲಸ ನಿಂತಿದೆ. ಹುಲ್ಲು ಮತ್ತು ದ್ವಿದಳ ಒಟ್ಟಿಗೆ ಇದ್ದಾಗ ಹುಲ್ಲು ಸಿಕ್ಕ ಸಾರಜನಕವನ್ನೆಲ್ಲ ಬೇಗ ಹೀರಿಬಿಡುತ್ತದೆ. ಆಗ ದ್ವಿದಳಕ್ಕೆ ಗಾಳಿಯಿಂದಲೇ ತಗೊಳ್ಳದೆ ಬೇರೆ ದಾರಿ ಇರುವುದಿಲ್ಲ. ಅದಕ್ಕೇ ಮಿಶ್ರ ಹುಲ್ಲುಗಾವಲು ಒಂಟಿ ಹುಲ್ಲಿಗಿಂತ ಮಣ್ಣನ್ನು ಬೇಗ ಕಟ್ಟುತ್ತದೆ.

ಇಲ್ಲಿ ನನಗೆ ಬಹಳ ಖುಷಿ ಕೊಡುವ ಒಂದು ಸಂಗತಿ ಹೇಳಬೇಕು. ನಮ್ಮ ಜಿಲ್ಲೆ ತುಂಬ ಬೆಳೆಯುವ ತೊಗರಿ ಮೂಲದಲ್ಲಿ ಒಂದೇ ವರ್ಷದ ಗಿಡ ಅಲ್ಲ. ಕಡಿಯದೆ ಬಿಟ್ಟರೆ ಮೂರು ನಾಲ್ಕು ವರ್ಷ ಬದುಕುತ್ತದೆ. ಹಿತ್ತಲಲ್ಲಿ, ಬಾವಿ ಪಕ್ಕದಲ್ಲಿ ಮರದಂತೆ ನಿಂತ ತೊಗರಿ ಗಿಡ ಹಳೆಯವರಿಗೆ ನೆನಪಿರುತ್ತದೆ. ಆಳಕ್ಕೆ ಬೇರು ಬಿಡುತ್ತದೆ, ಎಲೆ ಉದುರಿಸುತ್ತದೆ, ಗಂಟಿನಲ್ಲಿ ಸಾರಜನಕ ಮಾಡುತ್ತದೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಕೃಷಿ ಸಂಶೋಧನಾ ಸಂಸ್ಥೆಯವರು 1990ರಲ್ಲಿ ಇನ್ನೊಂದು ಗುಟ್ಟು ಹೊರಗೆ ತಂದರು: ತೊಗರಿಯ ಬೇರು ಬಿಡುವ ಒಂದು ಆಮ್ಲ ಕಬ್ಬಿಣಕ್ಕೆ ಅಂಟಿ ಕೂತ ರಂಜಕವನ್ನು ಬಿಡಿಸುತ್ತದೆ. ಕಬ್ಬಿಣದ ಅಂಶ ಇರುವ ಕೆಂಪು ಮಸಾರಿ ಹೊಲದಲ್ಲಿ ಈ ಗುಣಕ್ಕೆ ಬೆಲೆ ಜಾಸ್ತಿ.

ಈಗ ನಮ್ಮ ಹೊಲಕ್ಕೆ ಬರೋಣ. ವಿಜಯಪುರಕ್ಕೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚು ಸುರಿಯುವುದು ಸೆಪ್ಟೆಂಬರ್‌ನಲ್ಲಿ. ಹಿಂಗಾರಿ ಬಿಳಿ ಜೋಳ ಬಿತ್ತುವ ಆಳ ಎರೆ ಹೊಲವನ್ನು ನಾವು ಜೂನ್‌ನಿಂದ ಆ ತನಕ ಏನು ಮಾಡುತ್ತೇವೆ? ಕಸ ಹುಟ್ಟಿದಂತೆಲ್ಲ ಕುಂಟೆ ಹೊಡೆದು ಬೋಳಾಗಿ ಇಟ್ಟಿರುತ್ತೇವೆ. ಹದ ಹಿಡಿಯಲಿ, ಬಿತ್ತನೆಗೆ ತೇವ ಇರಲಿ ಅಂತ. ಹಿರಿಯರು ಅನುಭವದಿಂದ ಮಾಡಿಕೊಂಡು ಬಂದ ಪದ್ಧತಿ ಅದು, ಮಳೆಯ ಮೇಲೆ ನಂಬಿಕೆ ಇಲ್ಲದ ನಾಡಿನಲ್ಲಿ ಅದಕ್ಕೆ ಅರ್ಥ ಇದೆ. ಆದರೆ ಮಣ್ಣಿನ ಕಡೆಯಿಂದ ನೋಡಿದರೆ ವರ್ಷದ ಒಳ್ಳೆಯ ಮಳೆ ಬೀಳುವಾಗಲೇ ನೆಲದಲ್ಲಿ ಒಂದೂ ಜೀವಂತ ಬೇರಿಲ್ಲ. ಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ, ಹೆಂಟೆ ಕರಗುತ್ತದೆ, ಮೇಲೆ ಕೆನೆಯಂತೆ ಪದರ ಕಟ್ಟಿ ನೀರು ಇಂಗದೆ ಹರಿಯುತ್ತದೆ, ಹರಿಯುವಾಗ ಮೇಲಿನ ಒಳ್ಳೆಯ ಮಣ್ಣನ್ನೇ ಹೊತ್ತು ಹೋಗುತ್ತದೆ. ಡೋಣಿಗೆ ನೀರು ಬಂದಾಗ ಅದರ ಬಣ್ಣ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಜೋಳ ಕೊಯ್ದ ಮೇಲೆ ಮತ್ತೆ ಬೇಸಿಗೆಯಿಡೀ ಬಯಲು. ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಬೇರಿಗೆ ಕೆಲಸ. ಒಡ್ಡಿನ ಹುಲ್ಲು ಮೊದಲ ಮಳೆ ಬಿದ್ದ ವಾರದಲ್ಲೇ ಹಸಿರಾಗಿ, ಚಳಿಗಾಲದವರೆಗೂ ದುಡಿಯುತ್ತದೆ.

ಉಳುಮೆ ಇನ್ನೊಂದು. ಉತ್ತಾಗ ಮಣ್ಣಿನ ಉಂಡೆ ಒಡೆದು ಒಳಗೆ ಗಾಳಿ ಹೋಗುತ್ತದೆ, ಅಡಗಿ ಕೂತಿದ್ದ ಸಾವಯವ ಅಂಶ ಸೂಕ್ಷ್ಮಜೀವಿಗಳ ಬಾಯಿಗೆ ಸಿಗುತ್ತದೆ. ಅವು ತಿನ್ನುವಾಗ ಸಾರಜನಕ ಬಿಡುಗಡೆಯಾಗುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ. ಊರ ದನ ಮೇಯುವ ಗಾಯರಾಣವನ್ನೋ ಹಳೆಯ ಬೀಳು ನೆಲವನ್ನೋ ಮೊದಲ ಸಲ ಒಡೆದವರಿಗೆ ಮೂರು ನಾಲ್ಕು ವರ್ಷ ಭರ್ಜರಿ ಬೆಳೆ ಬರುವುದು ಇದಕ್ಕೇ. ಹುಲ್ಲು ಕೂಡಿಟ್ಟದ್ದನ್ನು ಖರ್ಚು ಮಾಡುತ್ತಿರುವುದು ಅದು. ಅಮೆರಿಕದ ಪ್ರೇರಿಯನ್ನು ಒಡೆದಾಗ ಆದದ್ದೂ ಇದೇ. ಕೆಲವೇ ದಶಕದಲ್ಲಿ ಮೇಲಿನ ಮಣ್ಣಿನ ಇಂಗಾಲ ಮೂರನೇ ಒಂದರಿಂದ ಅರ್ಧದಷ್ಟು ಹೋಯಿತು. 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡಲು ಬೇರಿಲ್ಲದ ಮಣ್ಣು ಧೂಳಾಗಿ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಗೆ ಕಾನೂನು ತಂದಿತು. ನಮ್ಮ ಕಡೆ ಇದೇ ಚಿಂತೆ ಬರಗಾಲದಿಂದಲೇ ಶುರುವಾದದ್ದು. 1930ರ ದಶಕದಲ್ಲೇ ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು, 1942ರಲ್ಲಿ ಆಗಿನ ಮುಂಬಯಿ ಪ್ರಾಂತ್ಯ ಭೂ ಸುಧಾರಣೆ ಕಾಯ್ದೆ ತಂದ ಮೇಲೆ ಒಡ್ಡು ಹಾಕುವ ಕೆಲಸ ದೊಡ್ಡದಾಗಿ ನಡೆಯಿತು. ಈಗ ಟ್ರ್ಯಾಕ್ಟರ್ ತಿರುಗಲು ಅಡ್ಡ ಅಂತ ಎಷ್ಟೋ ಒಡ್ಡು ಕರಗಿಹೋಗಿವೆ. ನಮ್ಮ ಮುತ್ಯಾ ಮಾತ್ರ "ಒಡ್ಡಿಗೆ ರಂಟಿ ತಾಗಿಸಬ್ಯಾಡ್ರೋ" ಅಂತ ಕೊನೆವರೆಗೂ ಹೇಳುತ್ತಿದ್ದ. ಅದು ನೀರು ನಿಲ್ಲಿಸಲು ಅಂತ ನಾವು ತಿಳಿದಿದ್ದೆವು. ಅದರ ಮೇಲಿನ ಹುಲ್ಲಿನ ಲೆಕ್ಕ ನಮಗೆ ಹೊಳೆದಿರಲಿಲ್ಲ.

ಇಲ್ಲಿ ಬಾಗಲಕೋಟೆ, ಬೆಳಗಾವಿ ಕಡೆಯವರು ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಕಬ್ಬೂ ಹುಲ್ಲಿನ ಜಾತಿಯಲ್ಲವೇ? ಒಮ್ಮೆ ನಾಟಿ ಮಾಡಿ ಕುಳೆ ಬಿಟ್ಟರೆ ಎರಡು ಮೂರು ವರ್ಷ ಬರುತ್ತದಲ್ಲ? ಹಾಗಾದರೆ ಕಬ್ಬಿನ ನೆಲ ಯಾಕೆ ಸುಧಾರಿಸುತ್ತಿಲ್ಲ? ಕಬ್ಬಿಗೂ ಆ ಶಕ್ತಿ ಇದೆ. ನಾವು ಬಿಡುತ್ತಿಲ್ಲ. ಕಟಾವಾದ ಮೇಲೆ ಉಳಿದ ಒಣ ಸೋಗೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚುತ್ತೇವೆ. ಅದರಲ್ಲಿದ್ದ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಮೇಲಿಂದ ಮೇಲೆ ನೀರು ಹಾಯಿಸಿ, ಬಸಿದು ಹೋಗಲು ದಾರಿ ಇಲ್ಲದ ಎರೆಯಲ್ಲಿ ಕೆಳಗಿನ ಉಪ್ಪು ಮೇಲೆ ಬಂದು ನೆಲ ಸವಳು ಜವಳು ಆಗುತ್ತದೆ. ಉಪ್ಪಿಗೆ ಸಿಕ್ಕಿದ ಬೇರು ಮಣ್ಣು ಕಟ್ಟಲಾರದು. ರವದಿಯನ್ನು ಸುಡದೆ ಸಾಲಿನಲ್ಲಿ ಹೊದಿಸಿ, ನೀರು ಹಿತಮಿತ ಕೊಟ್ಟು ಕುಳೆ ಬೆಳೆಯುವವರ ಹೊಲದ ಮಣ್ಣು ಕೈಗೆ ತಗೊಂಡರೇ ಬೇರೆ ಗೊತ್ತಾಗುತ್ತದೆ. ನೇಪಿಯರ್ ಮೇವಿನದೂ ಹೀಗೇ. ತಿಂಗಳೂವರೆ ಎರಡು ತಿಂಗಳಿಗೆ ಒಮ್ಮೆ ಹಸಿಯಾಗಿಯೇ ಕೊಯ್ದು ಕೊಟ್ಟಿಗೆಗೆ ಸಾಗಿಸಿ, ಸಗಣಿ ಗೊಬ್ಬರ ಮಾತ್ರ ಬೇರೆ ಹೊಲಕ್ಕೆ ಹಾಕಿದರೆ ಆ ನೆಲದ ಪೊಟ್ಯಾಷ್, ಸಾರಜನಕ ಖಾಲಿಯಾಗುತ್ತಾ ಹೋಗುತ್ತದೆ. ಬಹುವಾರ್ಷಿಕ ಅಂದ ಮಾತ್ರಕ್ಕೆ ಮಣ್ಣು ತಾನೇ ಕಟ್ಟಿಕೊಳ್ಳುವುದಿಲ್ಲ. ಒಯ್ದದ್ದು ತಿರುಗಿ ಬರಬೇಕು.

ಕಾಡು ಹುಲ್ಲಿಗೆ ಈ ವಿಷಯದಲ್ಲಿ ತನ್ನದೇ ಒಂದು ಜಾಣತನ ಇದೆ. ದೀಪಾವಳಿ ಕಳೆದು ಮೇಲಿನ ಎಲೆ ಒಣಗುವ ಮೊದಲು ಅದು ಎಲೆಯಲ್ಲಿದ್ದ ಸಾರಜನಕದ ದೊಡ್ಡ ಪಾಲನ್ನು ಬುಡಕ್ಕೆ, ಬೇರಿಗೆ ವಾಪಸ್ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕೊಯ್ದ ಕರಡ ದನಕ್ಕೆ ಅಷ್ಟು ರುಚಿಸದೇ ಇರುವುದು ಅದಕ್ಕೇ, ಅದರಲ್ಲಿ ಸತ್ವ ಉಳಿದಿರುವುದಿಲ್ಲ. ರೈತನಿಗೆ ಇಲ್ಲಿ ಒಂದು ಆಯ್ಕೆ ಇದೆ. ಹಸಿ ಇದ್ದಾಗ ಕೊಯ್ದರೆ ದನಕ್ಕೆ ಒಳ್ಳೆಯದು, ಹಣ್ಣಾದ ಮೇಲೆ ಕೊಯ್ದರೆ ಹುಲ್ಲಿಗೆ ಮತ್ತು ನೆಲಕ್ಕೆ ಒಳ್ಳೆಯದು. ನನ್ನ ಕೇಳಿದರೆ ಒಂದು ವರ್ಷ ಈ ಒಡ್ಡು, ಇನ್ನೊಂದು ವರ್ಷ ಆ ಒಡ್ಡು ಅಂತ ಸರದಿ ಮಾಡುವುದು ಸರಿ.

ಮೇಯಿಸುವುದರಲ್ಲೂ ಇದೇ ಮಾತು. ದನ, ಕುರಿ ಮೇಯುವುದೇ ತಪ್ಪು ಅಂತ ಕೆಲವರು ಅಂದುಕೊಂಡಿದ್ದಾರೆ. ಹುಲ್ಲು ಬೆಳೆದು ಬಂದದ್ದೇ ಮೇಯುವ ಪ್ರಾಣಿಗಳ ಜೊತೆ, ಅದರ ಚಿಗುರು ಬುಡದಲ್ಲಿ ಇರುವುದೇ ಬಾಯಿಗೆ ಸಿಗದಿರಲಿ ಅಂತ. ಸಗಣಿ, ಹಿಕ್ಕೆ ಅಲ್ಲೇ ಬೀಳುತ್ತದೆ, ಸಗಣಿ ಹುಳ ಅದನ್ನು ಉಂಡೆ ಮಾಡಿ ನೆಲದೊಳಗೆ ಹೂಳುತ್ತದೆ. ತೊಂದರೆ ಇರುವುದು ಬಿಡುವಿಲ್ಲದ ಮೇವಿನಲ್ಲಿ. ಎಲೆಯನ್ನು ಬುಡದವರೆಗೆ ಕಚ್ಚಿದಾಗ ಹುಲ್ಲು ಬೇರಿಗೆ ಊಟ ಕಳಿಸುವುದನ್ನು ನಿಲ್ಲಿಸುತ್ತದೆ, ಬೇರು ಬೆಳೆಯುವುದು ನಿಲ್ಲುತ್ತದೆ. ಚಿಗುರಿದ ತಕ್ಷಣ ಮತ್ತೆ ಕಚ್ಚಿದರೆ ಬೇರು ಮೊಟಕಾಗುತ್ತಾ ಆಗುತ್ತಾ ಒಂದು ಬರಕ್ಕೆ ಬುಡವೇ ಸಾಯುತ್ತದೆ. ನಮ್ಮ ಗಾಯರಾಣಗಳಲ್ಲಿ ಒಳ್ಳೆಯ ಹುಲ್ಲು ಹೋಗಿ ದನ ಮುಟ್ಟದ ಮುಳ್ಳು, ಕಸ ಉಳಿದಿರುವುದು ಹೀಗೆ. ಆ ನೆಲ ನೋಡಿ ಪಾಳು ಅಂತ ಬರೆದುಕೊಳ್ಳುವುದು ಸುಲಭ. ಮಳೆಗಾಲದ ಮೊದಲ ಎರಡು ತಿಂಗಳು ಅರ್ಧ ಭಾಗಕ್ಕೆ ಬಿಡುವು ಕೊಟ್ಟರೆ, ಬುಡ ಪೂರಾ ಸತ್ತಿರದ ಕಡೆ ಹುಲ್ಲು ತಿರುಗಿ ಬರುತ್ತದೆ.

ಬೆಂಕಿಯ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಒಡ್ಡಿನ ಹುಲ್ಲಿಗೆ ಕಡ್ಡಿ ಗೀರುವುದು ನಮ್ಮ ಕಡೆ ಅಭ್ಯಾಸವಾಗಿದೆ. ಬೆಂಕಿ ಬಿದ್ದರೂ ಬೇರು ಸಾಯುವುದಿಲ್ಲ, ಮಳೆಗೆ ಹಸಿರು ಚಿಗುರೂ ಚೆನ್ನಾಗಿ ಬರುತ್ತದೆ, ಅದಕ್ಕೇ ಏನೂ ನಷ್ಟವಿಲ್ಲ ಅನ್ನಿಸುತ್ತದೆ. ಆದರೆ ವರ್ಷವೂ ಸುಟ್ಟರೆ ನೆಲಕ್ಕೆ ಹೊದಿಕೆ ಇಲ್ಲದೆ ಮೊದಲ ಮಳೆಯ ಹೊಡೆತ ನೇರವಾಗಿ ಒಡ್ಡಿಗೆ ಬೀಳುತ್ತದೆ, ದ್ವಿದಳದ ಎಳೆ ಸಸಿಗಳು ಉಳಿಯುವುದಿಲ್ಲ.

ಎಷ್ಟು ವರ್ಷ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ 1843ರಿಂದ ಗೋದಿ ಹೊಲದ ಪ್ರಯೋಗ, 1856ರಿಂದ ಹುಲ್ಲುಗಾವಲಿನ ಪ್ರಯೋಗ ಇವತ್ತಿಗೂ ನಿಲ್ಲದೆ ನಡೆದಿವೆ. ಅಲ್ಲಿನ ಅನುಭವ ಏನೆಂದರೆ ಉತ್ತ ಹೊಲಕ್ಕೆ ಹುಲ್ಲು ಹಾಕಿದರೆ ಇಂಗಾಲ ದಶಕಗಳ ಕಾಲ ಏರುತ್ತಲೇ ಹೋಗುತ್ತದೆ, ಹುಲ್ಲುಗಾವಲನ್ನು ಉತ್ತರೆ ಅದಕ್ಕಿಂತ ಬೇಗ ಇಳಿಯುತ್ತದೆ. ಅಲ್ಲಿ ತಂಪು ಹವೆ, ನಮ್ಮಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ, ಹಾಗಾಗಿ ಅಷ್ಟೇ ಏರಿಕೆ ನಾವು ಎಣಿಸುವ ಹಾಗಿಲ್ಲ. ಆದರೆ ಎಲ್ಲ ಬದಲಾವಣೆಗೂ ಅಷ್ಟು ಕಾಯಬೇಕಾಗಿಲ್ಲ. ಹೆಂಟೆ ನೀರಿನಲ್ಲಿ ನಿಲ್ಲುವುದು, ನೀರು ಬೇಗ ಇಂಗುವುದು, ಎರೆಹುಳ ಕಾಣಿಸಿಕೊಳ್ಳುವುದು ಇವೆಲ್ಲ ಇಂಗಾಲದ ಅಂಕಿ ಅಲುಗುವ ಮೊದಲೇ, ಎರಡು ಮೂರು ಮಳೆಗಾಲದಲ್ಲಿ ಗೊತ್ತಾಗತೊಡಗುತ್ತವೆ.

ಹಾಗಂತ ಜೋಳದ ಹೊಲಕ್ಕೆಲ್ಲ ಹುಲ್ಲು ಬಿಡಿ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆಗೆ ಕಾಳು ಬೇಕು. ಕರಕಿ ಹೊಲಕ್ಕೆ ನುಗ್ಗಿದರೆ ಅದನ್ನು ಅಗೆದು ತೆಗೆಯುವ ಕಷ್ಟ ಏನು ಅಂತ ನಮ್ಮ ಕಡೆಯ ಪ್ರತಿ ಮನೆಗೂ ಗೊತ್ತು, ಅದಕ್ಕೆ ಒಡ್ಡಿನ ಮೇಲೆ ಹಬ್ಬುವ ಕರಕಿಗಿಂತ ಬುಡ ಕಟ್ಟಿ ನಿಲ್ಲುವ ಹುಲ್ಲೇ ಒಳ್ಳೆಯದು. ಕಾಳು ಕೊಡುವ ಬಹುವಾರ್ಷಿಕ ಬೆಳೆಗೆ ಜಗತ್ತಿನಲ್ಲಿ ಕೆಲಸ ನಡೆದಿದೆ. ಅಮೆರಿಕದ ಕಾನ್ಸಾಸ್‌ನಲ್ಲಿ 1976ರಲ್ಲಿ ಶುರುವಾದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಕೆರ್ನ್ಜಾ ಅನ್ನುವ ಗೋದಿಯ ದಾಯಾದಿ ಕಾಳನ್ನು ತಂದಿದೆ. ಚೀನಾದಲ್ಲಿ 2018ರಲ್ಲಿ ಬಿಡುಗಡೆಯಾದ ಒಂದು ಭತ್ತದ ತಳಿ ಒಮ್ಮೆ ನಾಟಿ ಮಾಡಿದರೆ ನಾಲ್ಕು ವರ್ಷದಲ್ಲಿ ಎಂಟು ಕೊಯ್ಲು ಕೊಟ್ಟಿದೆ. ಜೋಳವನ್ನು ಅದರ ಕಾಡು ಬಂಧು ಜಾನ್ಸನ್ ಹುಲ್ಲಿನ ಜೊತೆ ಕೂಡಿಸಿ ವರ್ಷ ವರ್ಷ ಚಿಗುರುವ ಜೋಳ ಮಾಡುವ ಪ್ರಯತ್ನವೂ ಇದೆ. ಅದು ಡೋಣಿ ಸಾಲಿಗೆ ಬರುವ ದಿನ ನಾನಿರುತ್ತೇನೋ ಇಲ್ಲವೋ, ಬಂದರೆ ಅದಕ್ಕಿಂತ ದೊಡ್ಡ ಸುದ್ದಿ ಈ ನೆಲಕ್ಕೆ ಬೇರೆ ಇಲ್ಲ.

ಸದ್ಯಕ್ಕೆ ನಮ್ಮ ಕೈಯಲ್ಲಿ ಇರುವುದು ಒಡ್ಡು, ಹೊಲದ ಮೂಲೆ, ಮಡ್ಡಿ, ಗಾಯರಾಣ. ನಾವು ಎರಡು ವರ್ಷದಿಂದ ಒಡ್ಡಿಗೆ ಬೆಂಕಿ ಹಾಕಿಲ್ಲ. ಈ ಸಲ ದೀಪಾವಳಿ ಹೊತ್ತಿಗೆ ಮಡ್ಡಿಯ ಮೇಲೆ ತೆನೆ ಹಣ್ಣಾದ ಅಂಜನ ಹುಲ್ಲಿನ ಬೀಜವನ್ನು ಕೈಯಿಂದ ಸವರಿ ತಂದು ಗೋಣಿ ಚೀಲದಲ್ಲಿ ಕಟ್ಟಿಟ್ಟಿದ್ದೇವೆ. ಹೊಸ ಬೀಜ ತಕ್ಷಣ ಬಿತ್ತಿದರೆ ಸರಿಯಾಗಿ ಮೊಳೆಯುವುದಿಲ್ಲ, ಕೆಲವು ತಿಂಗಳು ಮಲಗಿರಬೇಕು. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಹುಲ್ಲಿನ ಜೊತೆ ಬಿತ್ತಲು ಸ್ಟೈಲೋ ಅನ್ನುವ ಬಹುವಾರ್ಷಿಕ ದ್ವಿದಳದ ಬೀಜ ಅಲ್ಲಿ ಕೇಳಬೇಕು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ಬಿತ್ತುವ ಮೊದಲು ಮರಳಿನ ಜೊತೆ ಉಜ್ಜಿಕೊಳ್ಳಬೇಕಾಗುತ್ತದೆ. ಎರಡನ್ನೂ ಹಸಿ ಮಣ್ಣು, ಸಗಣಿ ಪುಡಿಯಲ್ಲಿ ಕಲಸಿ, ರೋಹಿಣಿ ಮಳೆ ಬಿದ್ದು ಒಡ್ಡಿನ ಮೈ ತೊಯ್ದ ಮರುದಿನ ಚೆಲ್ಲುವುದು ಅಂತ ಮಾಡಿಕೊಂಡಿದ್ದೇವೆ. ಬೀಜವನ್ನು ಆಳಕ್ಕೆ ಹಾಕುವ ಹಾಗಿಲ್ಲ, ಮೇಲೆ ಒಂದು ಮುಳ್ಳಿನ ಕಂಟಿ ಎಳೆದರೆ ಸಾಕು.